ಐ7 ಅಂದ್ರ ಐ3ಕ್ಕಿಂತ ದೊಡ್ಡದಾ? (ಭಾಗ 4)

ಫೈನಲ್ ಇಯರ್ ಹತ್ರ ಬಂತು. ನಮ್ಮ ಕ್ಲಾಸಿನ್ಯಾಗ ಎಲ್ಲರ ಬಾಯಾಗೂ ಒಂದೇ ಮಾತು, ಟ್ಯಾಲಿ ಕಲೀಬೇಕು, ಲ್ಯಾಪ್‌ಟಾಪ್ ತಗೋಬೇಕು. ಕೊಡೇಕಲ್ ಕಡೆ ಆ ರೊಕ್ಕ ಎಲ್ಲಿಂದ ಬರ್ತದ ಅಂತ ನಿಮಗ ಗೊತ್ತೇ ಅದ. ಭತ್ತ ಇಲ್ಲಾ ಹತ್ತಿ ಮಾರಿ, ಸಾಲ ಮುರಕೊಂಡು ಉಳಿದದ್ದು. ಹಂಗಾಗಿ ಇದನ್ನ ಪೂರ್ತಿ ಓದ್ರಿ 🙏

ಹೋದ ತಿಂಗಳು ಅಪ್ಪನ ಜೊತಿ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗಿದ್ದೆ. "ಐ7 ಅದ, ಕಣ್ಣು ಮುಚ್ಚಿ ತಗೋರಿ" ಅಂದ್ರು. ಅಪ್ಪ ನನ್ನ ಕಡೆ ತಿರುಗಿ, "ಮೂರಕ್ಕಿಂತ ಏಳು ದೊಡ್ಡದಲ್ಲೇನು?" ಅಂತ ಕೇಳಿದ್ರು. ಕೇಳಿದ್ದು ಸರಿನೇ ಅದ. ಉತ್ತರ ಹೇಳಬೇಕಂದ್ರ ಸ್ವಲ್ಪ ಹಿಂದಕ್ಕ ಹೋಗಬೇಕು.

1️⃣ ಮೊದಲು ಬರೀ ನಂಬರ್ ಇತ್ತು
ಇಂಟೆಲ್‌ನ ಮೊದಲ ಮೈಕ್ರೋಪ್ರೊಸೆಸರ್ 4004 ಬಂದದ್ದು 1971ರಲ್ಲಿ. ಒಳಗ ಸುಮಾರು 2,300 ಟ್ರಾನ್ಸಿಸ್ಟರ್. ಆಮ್ಯಾಲ 8086, 286, 386, 486. ಎಎಮ್‌ಡಿ ಕಂಪನಿನೂ ತನ್ನ ಚಿಪ್‌ಗೆ 386 ಅಂತ ಇಟ್ಟಾಗ ಜಗಳ ಕೋರ್ಟಿಗೆ ಹೋಯ್ತು. 386 ಅನ್ನೋ ನಂಬರ್ ಒಬ್ಬರದೇ ಟ್ರೇಡ್‌ಮಾರ್ಕ್ ಅಲ್ಲ ಅಂತ 1991ರಲ್ಲಿ ತೀರ್ಪು ಬಂತು.

2️⃣ ಹೆಸರು ಹುಟ್ಟಿದ್ದು
ಹಂಗಾಗಿ 586 ಆಗಬೇಕಿದ್ದ ಚಿಪ್ 1993ರಲ್ಲಿ 'ಪೆಂಟಿಯಂ' ಆಗಿ ಬಂತು. ಗ್ರೀಕ್ ಭಾಷೆದಾಗ 'ಪೆಂಟೆ' ಅಂದ್ರ ಐದು, ನಮ್ಮ 'ಪಂಚ'ದ ಸಂಬಂಧಿಕ. 1991ರಿಂದಲೇ 'ಇಂಟೆಲ್ ಇನ್‌ಸೈಡ್' ಸ್ಟಿಕ್ಕರ್ ಶುರುವಾಗಿತ್ತು. ಆ ಲೋಗೋ ಹಾಕಿದ ಕಂಪ್ಯೂಟರ್ ಕಂಪನಿಗಳ ಜಾಹೀರಾತು ಖರ್ಚಿನಾಗ ಇಂಟೆಲ್ ಪಾಲು ಕೊಡ್ತಿತ್ತು.

ನಮ್ಮ ಮಾರ್ಕೆಟಿಂಗ್ ಪುಸ್ತಕದಾಗ ಇದಕ್ಕ ಇಂಗ್ರೀಡಿಯಂಟ್ ಬ್ರ್ಯಾಂಡಿಂಗ್ ಅಂತಾರ. ಅಪ್ಪಗ ನಾ ಹಿಂಗ ಹೇಳಿದೆ: ಹತ್ತಿ ಬೀಜದ ಪ್ಯಾಕೆಟ್ ನೆನಸ್ಕೋರಿ. ಕಂಪನಿ ಬೇರೆ ಬೇರೆ, ಆದ್ರ ಎಲ್ಲಾದರ ಮ್ಯಾಲೂ 'ಬೊಲ್‌ಗಾರ್ಡ್ 2' ಅಂತ ಇರ್ತದ. ಹಂಗಂತ ಎಲ್ಲಾ ಬೀಜ ಒಂದೇ ಇಳುವರಿ ಕೊಡ್ತಾವೇನು? ಅಪ್ಪ ನಕ್ಕರು. ತಿಳೀತು ಅವರಿಗೆ.

3️⃣ ನಂಬರ್ ತಿರುಗಿ ಬಂತು
2008ರಲ್ಲಿ ಕೋರ್ ಐ7, ಮುಂದ ಐ5, ಐ3. ಎಎಮ್‌ಡಿ 2017ರಲ್ಲಿ ರೈಝೆನ್ ತಂದಾಗ ಅದೂ 3, 5, 7 ಅಂತಲೇ ಇಟ್ಟಿತು 😅 ಈ ಅಂಕಿ ಅಂದ್ರ ದರ್ಜೆ ಅಷ್ಟೇ. ಅದೂ ಆ ವರ್ಷದ ಚಿಪ್‌ಗಳ ನಡುವಿನ ದರ್ಜೆ. ಹತ್ತು ವರ್ಷ ಹಿಂದಿನ ಐ7ನ ಇವತ್ತಿನ ಐ3 ಜೊತಿ ತೂಗಲಿಕ್ಕೆ ಬರಲ್ಲ.

ಲೆಕ್ಕ ನೋಡ್ರಿ:
👉 ಐ7-4600ಯು (2013): 2 ಕೋರ್
👉 ಐ3-1215ಯು (2022): 6 ಕೋರ್

ಅಂಗಡಿಯಾಗ ನಮಗ ತೋರಿಸಿದ್ದು ಮೊದಲನೇದು. ಬ್ಯಾಡ ಅಂದು ಹೊರಗ ಬಂದ್ವಿ.

4️⃣ ತಗೊಳ್ಳೋ ಮುಂಚೆ
ಸೆಟ್ಟಿಂಗ್ಸ್ > ಸಿಸ್ಟಮ್ > ಅಬೌಟ್ ತೆಗೀರಿ. ಐ3, ಐ5, ಐ7 ಮುಂದಿನ ಸಂಖ್ಯೆ ನೋಡ್ರಿ. 4600 ಇದ್ರ 4ನೇ ತಲೆಮಾರು, 8250 ಇದ್ರ 8ನೇದು. 1ರಿಂದ ಶುರುವಾದ್ರ ಮೊದಲ ಎರಡು ಅಂಕಿ ಓದ್ರಿ, 1235 ಅಂದ್ರ 12ನೇದು. ಕೊನಿಗೆ 'ಯು' ಇದ್ರ ಬ್ಯಾಟರಿ ಉಳಿಸೋ ಚಿಪ್, 'ಎಚ್' ಇದ್ರ ಜೋರು ಕೆಲಸದ್ದು.

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದದ. ವಿಂಡೋಸ್ 11ಕ್ಕ ಇಂಟೆಲ್ ಆದ್ರ ಹೆಚ್ಚುಕಮ್ಮಿ 8ನೇ ತಲೆಮಾರು ಇಲ್ಲಾ ಅದಕ್ಕಿಂತ ಹೊಸದು ಬೇಕು. ಹಳೇ ಐ7 ಈಗ ಅಗ್ಗ ಆಗಿರೋದಕ್ಕ ಇದೂ ಒಂದು ಕಾರಣ.

5️⃣ ಇನ್ನೊಂದು ಮಾತು
2008ರ ಸೆಪ್ಟೆಂಬರಿನಾಗ ಇಂಟೆಲ್ ಆರು ಕೋರಿನ ಝಿಯಾನ್ 7400 ಬಿಡುಗಡೆ ಮಾಡ್ತು. ಒಳಗ 190 ಕೋಟಿ ಟ್ರಾನ್ಸಿಸ್ಟರ್. ಅದರ ಡಿಸೈನ್ ಬಹುಪಾಲು ಆಗಿದ್ದು ನಮ್ಮ ಬೆಂಗಳೂರಿನ್ಯಾಗ. ಯಾವ ಸ್ಟಿಕ್ಕರ್ ಮ್ಯಾಲೂ ಬೆಂಗಳೂರು ಅಂತ ಇರಲಿಲ್ಲ. ಮ್ಯಾಲಿಂದು ಮಾರಲಿಕ್ಕೆ, ಒಳಗಿಂದು ಕೆಲಸಕ್ಕ.

ಯಾರರೆ ಲ್ಯಾಪ್‌ಟಾಪ್ ನೋಡಿ ಇಟ್ಟಿದ್ರ ರೊಕ್ಕ ಕೊಡೋಕಿಂತ ಮೊದಲು ಮಾಡೆಲ್ ನಂಬರ್ ಕಾಮೆಂಟಿನ್ಯಾಗ ಹಾಕ್ರಿ, ಕೂಡಿ ನೋಡೋಣ. ಮುಂದಿನ ಭಾಗ: ರ್‍ಯಾಮ್ ಎಷ್ಟಿದ್ರ ಸಾಕು?

#ಕೊಡೇಕಲ್ #ಯಾದಗಿರಿ #ಬಿಕಾಂ_ಹುಡುಗರು