ಕೊಡ, ಗಡಿಯಾರ ಮತ್ತು ಅಜ್ಜಿಯ ಬಾವಿ

ಹೊನ್ನಾವರದಿಂದ ಅಪ್ಸರಕೊಂಡಕ್ಕೆ ಹೋದವರು ನೋಡುವುದು ನೀರನ್ನೇ. ಒಂದು ಕಡೆ ಕಾಡಿನ ನಡುವೆ ಜಲಪಾತ, ಇನ್ನೊಂದು ಕಡೆ ಗುಡ್ಡದ ಕೆಳಗೆ ಅರಬ್ಬಿ ಸಮುದ್ರ. ಇಂಥ ಊರಿನ ಮಗ್ಗುಲಲ್ಲೂ ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ತತ್ವಾರ ಎಂದರೆ ಯಾರು ನಂಬುತ್ತಾರೆ?

ಕಳೆದ ಬೇಸಿಗೆ ರಜೆಯಲ್ಲಿ ಮಗಳೊಂದಿಗೆ ಅಲ್ಲೇ ಹತ್ತಿರದ ನಮ್ಮ ಹಳೆಯ ಮನೆಗೆ ಹೋಗಿದ್ದೆ. ಅಂಗಳಕ್ಕೆ ನಳ ಬಂದಿತ್ತು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನ ಗುರಿಯಂತೆ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ‘ಸಿಗ್ತಿದೆಯಾ ಅಪ್ಪಾ?’ ಎಂದಳು ಮಗಳು. ನನಗೆ ಗೊತ್ತಿರಲಿಲ್ಲ. ‘ನೀನೇ ಅಳೆದು ನೋಡು’ ಎಂದೆ.

ಗಡಿಯಾರ ಹಿಡಿದು ನಿಂತಳು. 15 ಲೀಟರಿನ ಕೊಡ ತುಂಬಲು 4 ನಿಮಿಷ. ನೀರು ಬಂದದ್ದು ಒಂದು ಗಂಟೆ. ಅಲ್ಲಿಗೆ 225 ಲೀಟರ್. ಆರು ಜನರಿಗೆ ಬೇಕಾದದ್ದು 330. ತಗ್ಗಿನ ಮನೆಯಲ್ಲಿ ಅದೇ ಕೊಡ 2 ನಿಮಿಷಕ್ಕೆ ತುಂಬಿತು. ನಮ್ಮದು ಏರಿನ ಕೊನೆಯ ಮನೆ. ನಳ ಎಣಿಸಿದರೆ ಎರಡೂ ಮನೆ ಒಂದೇ. ಕೊಡ ಹಿಡಿದಾಗಲೇ ವ್ಯತ್ಯಾಸ ತಿಳಿಯುವುದು.

‘ಉಳಿದ 105 ಲೀಟರ್?’ ಎನ್ನುತ್ತ ಅವಳು ಬಾವಿಗೆ ಬಗ್ಗಿದಳು. ತಳದಲ್ಲಿ ಕೊಳೆತ ಎಲೆ, ಹೂಳು. ಗಡಗಡೆಗೆ ತುಕ್ಕು ಹಿಡಿದಿತ್ತು. ‘ನಳ ಬಂತು ಅಂತ ಬಾವಿಯನ್ನೇ ಮರೆತೆವಲ್ಲೇ ಕೂಸೇ’ ಎಂದರು ಅಮ್ಮ. ನಾನು ತಲೆ ತಗ್ಗಿಸಿದೆ. ಪ್ರತಿ ಬೇಸಿಗೆಯಲ್ಲೂ ಹೂಳು ತೆಗೆಸುತ್ತಿದ್ದವರು ಅಪ್ಪ. ಅವರ ನಂತರ ಅದು ನನ್ನ ಕೆಲಸವಾಗಿತ್ತು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ತೂತುತೂತಾದ ಚಿರೆಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಕೊಡುತ್ತದೆ. ಕಡಲಂಚಿನಲ್ಲಿ ಅತಿಯಾಗಿ ಪಂಪು ಹಚ್ಚಿದರೆ ಉಪ್ಪುನೀರು ಒಳನುಗ್ಗುತ್ತದೆ. ಪೈಪು ಎಷ್ಟೇ ಹೊಸದಿರಲಿ, ಮೂಲ ಬತ್ತಿದರೆ ನಳದಲ್ಲಿ ಬರುವುದು ಗಾಳಿ ಮಾತ್ರ. ಪಂಪು ಕೆಟ್ಟರೆ ರಿಪೇರಿ ಯಾರು ಮಾಡಿಸಬೇಕು, ಕರೆಂಟ್ ಬಿಲ್ಲು ಯಾರು ಕಟ್ಟಬೇಕು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು. ಅದಕ್ಕೆಂದೇ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರುವುದು. ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂಬ ನಿಯಮವಿದೆ.

ಮೃಗಶಿರ ಮಳೆ ಹಿಡಿಯುವ ಮುನ್ನ ಬಾವಿಯ ಹೂಳು ತೆಗೆಸಿದೆವು. ತಳದಲ್ಲಿ ಸಣ್ಣ ಸೆಲೆಯೊಂದು ಜಿನುಗುವುದು ಕಂಡಾಗ ಅಮ್ಮನ ಮುಖ ಅರಳಿತು. ಮಗಳ ಲೆಕ್ಕದ ಪುಸ್ತಕ ಈಗ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ವಾರಕ್ಕೊಮ್ಮೆ ಅಮ್ಮ ಕೊಡವಿಟ್ಟು, ನಿಮಿಷ ಎಣಿಸಿ ಬರೆಯುತ್ತಾರೆ. ಮುಂದಿನ ಗ್ರಾಮಸಭೆಗೆ ಅದನ್ನೇ ಹಿಡಿದುಕೊಂಡು ಹೋಗುತ್ತಾರಂತೆ.

ಈ ರಜೆಯಲ್ಲಿ ನೀವೂ ಊರಿಗೆ ಹೋದರೆ ಮಕ್ಕಳ ಕೈಗೊಂದು ಕೊಡ, ಒಂದು ಗಡಿಯಾರ ಕೊಟ್ಟು ನೋಡಿ. ಬಾವಿಗೆ ಬಗ್ಗಿ ನೋಡುವ ಕೆಲಸ ಮಾತ್ರ ನಮ್ಮದು, ದೊಡ್ಡವರದು.