ಮನೆಯೊಳಗಿನ ವಿಳಾಸ

2014ರಲ್ಲಿ ಬಿಜಾಪುರವು ವಿಜಯಪುರವಾದರೂ ಅಂಚೆಯವನು ನಮ್ಮ ಮನೆಯನ್ನು ತಪ್ಪಿಸಿಕೊಂಡದ್ದಿಲ್ಲ. ಮನೆಯೊಳಗಿನ ವಿಳಾಸಗಳ ಪಾಡು ಮಾತ್ರ ಬೇರೆ. ಕರೆಂಟು ಹೋಗಿ ಬಂದ ಒಂದು ರಾತ್ರಿ, ಮಗಳ ಪ್ರವೇಶಪತ್ರವನ್ನು ಅಚ್ಚು ಮಾಡಬೇಕಾದ ಪ್ರಿಂಟರು ಮೂಕವಾಯಿತು. ಬೆಳಗಾದರೆ ಪರೀಕ್ಷೆ!

ಮನೆಯ ಯಂತ್ರಗಳಿಗೆಲ್ಲ 192.168 ಎಂದು ಮೊದಲಾಗುವ ಐಪಿ ವಿಳಾಸಗಳನ್ನು ಗಡುವಿನ ಮೇಲೆ ಹಂಚುವುದು ನಮ್ಮ ರೂಟರಿನ ಕೆಲಸ. 1993ರಲ್ಲಿ ರೂಪುಗೊಂಡ ಈ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ಪ್ರಿಂಟರನ್ನು ಕೂಡಿಸಿಕೊಟ್ಟವರಾದರೋ, ಹಂಚುವ ಸಾಲಿನದೇ ಒಂದು ವಿಳಾಸವನ್ನು ರೂಟರಿಗೆ ತಿಳಿಸದೆ ಅದಕ್ಕೆ ಸ್ಥಿರವಾಗಿ ಬರೆದಿಟ್ಟಿದ್ದರು. ತಿಕೋಟಾ ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿದಂತೆ!

ಮಗಳು ಪ್ರಿಂಟರನ್ನು ಆರಿಸಿ, ಅದರ ವಿಳಾಸಕ್ಕೆ ಪಿಂಗ್ ಕಳುಹಿಸಿದಳು. ಉತ್ತರ ಬಂದಿತು.

"ನೋಡ್ರಿ ಅಪ್ಪಾ, ಬ್ಯಾರೆ ಯಾರೋ ಓ ಅನ್ನಾಕತ್ತಾರ!"

ಓಗೊಟ್ಟದ್ದು ನನ್ನಾಕೆಯ ಮೊಬೈಲು. ಕರೆಂಟಿನೊಡನೆ ಹಳೆಯ ಪಟ್ಟಿಯನ್ನೂ ಕಳೆದುಕೊಂಡ ರೂಟರು ಆ ಸೀಟನ್ನು ಅದಕ್ಕೆ ಕೊಟ್ಟಿತ್ತು. ಮೊಬೈಲಿನ ವೈಫೈ ನಿಲ್ಲಿಸಿ ಪ್ರಿಂಟರನ್ನು ಮತ್ತೆ ಹಚ್ಚಿದೆವು. ತುಸು ಹೊತ್ತಿನಲ್ಲಿ ಅದು ಕಾಗದವನ್ನು ಎಳೆದುಕೊಂಡಿತು. ಇಷ್ಟು ಹಿತವಾದ ಗರಗರ ಸದ್ದನ್ನು ನಾನು ಕೇಳಿದ್ದಿಲ್ಲ.

ಭಾನುವಾರ ಬಬಲೇಶ್ವರದಿಂದ ಬಂದ ಸೋದರಳಿಯನು ಪ್ರಿಂಟರಿನೊಳಗಿನ ಸ್ಥಿರ ವಿಳಾಸವನ್ನು ಅಳಿಸಿದನು. ಅದರ ಮ್ಯಾಕ್ ಸಂಖ್ಯೆಯನ್ನು ರೂಟರಿನಲ್ಲಿ ಬರೆದು ಅದೇ ಸೀಟನ್ನು ಕಾದಿರಿಸಿದನು. ಈಗ ಅದು ಕಂಡಕ್ಟರನೇ ಬಲ್ಲ ಸೀಟು. ಆಮೇಲೆ ಎರಡು ಸಲ ಕರೆಂಟು ಹೋಗಿದೆ, ಪ್ರಿಂಟರು ಅಲುಗಿಲ್ಲ.