ಹಲಗೆ, ನಟ್ಟು, 165 ರೂಪಾಯಿ (ಭಾಗ 4)

ಮೊದಲ್ನೇ ಫೋಟೋದಲ್ಲಿ ಟ್ರೈಪಾಡ್ ಮೇಲೆ ಕೂತಿರೋದು ಅಡುಗೆಮನೆ ಮಣೆ ಅಲ್ಲ ಕಣ್ರೋ, ನನ್ನ ಲ್ಯಾಪ್‌ಟಾಪ್ ಟ್ರೇ. ಯಾಕೆ ಮಾಡ್ದೆ ಅಂತ ಕೇಳಿದ್ರಲ್ಲ, ಹೇಳ್ತೀನಿ.

ನಮ್ಮ ಚಿಕ್ಕವ್ವ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಮಾರ್ತಾರೆ, ವಾಟ್ಸಾಪಲ್ಲಿ ಫೋಟೋ ಹಾಕಿ. ಹೋದ ದೀಪಾವಳಿಗೆ 22 ಸೀರೆ ಫೋಟೋ ತೆಗೆದಿದ್ದು ನಾನು. ಕ್ಯಾಮೆರಾ ಹಿಂದಿನ 3 ಇಂಚಿನ ಸ್ಕ್ರೀನಲ್ಲಿ ಎಲ್ಲಾ ಸೂಪರ್. ಹೊನ್ನೂರಿಗೆ ವಾಪಸ್ ಬಂದು ದೊಡ್ಡದಾಗಿ ನೋಡಿದ್ರೆ ಅರ್ಧಕ್ಕರ್ಧ ಫೋಕಸ್ ಇಲ್ಲ, ಬಣ್ಣಾನೂ ಸರಿಯಿಲ್ಲ. ಆದ್ರೂ ಕಳಿಸ್ಬಿಟ್ಟೆ. ಒಂದು ಅರಿಶಿನ ಸೀರೆ "ಫೋಟೋದಲ್ಲಿ ಇದ್ದ ಬಣ್ಣ ಇದಲ್ಲ" ಅಂತ ವಾಪಸ್ ಬಂತು. ಕೊರಿಯರ್ ದುಡ್ಡು 120 ಚಿಕ್ಕವ್ವನೇ ಕಟ್ಟಿದ್ರು. ನನಗೆ ಒಂದು ಮಾತೂ ಅನ್ಲಿಲ್ಲ. ಬೈದಿದ್ರೇ ವಾಸಿ ಇತ್ತು.

ಟೆದರಿಂಗ್ ಅಂದ್ರೆ ಇಷ್ಟೇ: ಕ್ಯಾಮೆರಾಗೂ ಲ್ಯಾಪ್‌ಟಾಪ್‌ಗೂ ಯುಎಸ್‌ಬಿ ಕೇಬಲ್. ಕ್ಲಿಕ್ ಮಾಡಿದ ತಕ್ಷಣ ಫೋಟೋ ದೊಡ್ಡ ಸ್ಕ್ರೀನಿಗೆ ಬರುತ್ತೆ. ಕ್ಯಾನನ್ ಇದ್ರೆ ಇಒಎಸ್ ಯುಟಿಲಿಟಿ ಫ್ರೀ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು.

ಲ್ಯಾಪ್‌ಟಾಪ್ ಅಕ್ಕಂದು, ಇನ್ನೂ 5 ಇಎಂಐ ಬಾಕಿ. ಬಿದ್ರೆ ನಾನು ಮನೆ ಬಿಟ್ಟು ಹೋಗ್ಬೇಕು. ಅದಕ್ಕೇ ಟ್ರೇ.

ಬಿ.ಕಾಂ ಅಲ್ವಾ, ಲೆಕ್ಕ ಪಕ್ಕಾ:
12 ಎಂಎಂ ಪ್ಲೈವುಡ್ ತುಂಡು: 0 (ಬಡಗಿ ಅಣ್ಣಂಗೆ ಟೀ, ಬನ್ನು: 20)
ಟೀ-ನಟ್: 15
ಜಾರದ ಮ್ಯಾಟ್: 60
ವೆಲ್ಕ್ರೋ ಪಟ್ಟಿ: 50
ಉಪ್ಪುಕಾಗದ: 20
ಒಟ್ಟು: 165

ಟ್ರೈಪಾಡ್ ಸ್ಕ್ರೂ ಕಾಲಿಂಚಿಂದು, ಇಂಚಿಗೆ 20 ಸುತ್ತು. ಅಂಗಡೀಲಿ ಎಂ6 ನಟ್ ಕೊಟ್ರೆ ತಗೋಬೇಡಿ, ನೋಡೋಕೆ ಹಂಗೇ ಇರುತ್ತೆ, ಕೂರಲ್ಲ. ನಾನು ಮೊದಲು ನಟ್‌ನ ಹಲಗೆ ಕೆಳಗಿಂದ ಹೊಡೆದಿದ್ದೆ. ಮೇಲೆ 3 ಕೆ.ಜಿ. ರಾಗಿ ಇಟ್ಟು ಪರೀಕ್ಷೆ ಮಾಡ್ದೆ, ನಟ್ ಕಿತ್ಕೊಂಡು ರಾಗಿ ಎಲ್ಲಾ ನೆಲದ ಮೇಲೆ. ಅವ್ವ ಬೈದಿದ್ದು ಬರೆಯೋಕಾಗಲ್ಲ. ನಟ್ ಮೇಲಿಂದ ಹೊಡೀಬೇಕು, ಆಗ ಸ್ಕ್ರೂ ಬಿಗಿ ಮಾಡಿದಷ್ಟೂ ಹಲಗೆಗೆ ಕಚ್ಕೊಳುತ್ತೆ. ಎರಡ್ನೇ ಸಲ ರಾಗಿ ರಾತ್ರಿಯೆಲ್ಲಾ ಅಲ್ಲಾಡ್ಲಿಲ್ಲ. ಕೇಬಲ್‌ನ ಟ್ರೇಗೇ ಕಟ್ಟಿ, ಯಾರಾದ್ರೂ ಎಡವಿದ್ರೆ ಪೋರ್ಟ್ ಉಳಿಯುತ್ತೆ.

ಹೋದ ಭಾನುವಾರ ಅದೇ ಅರಿಶಿನ ಸೀರೆ. ಕ್ಲಿಕ್ ಮಾಡ್ದೆ. ಚಿಕ್ಕವ್ವ ಸ್ಕ್ರೀನ್ ಪಕ್ಕ ಸೆರಗು ಹಿಡಿದು ನೋಡಿದ್ರು.

"ಈ ಅರಿಶಿನ ಇದಲ್ಲ ಕನ ಮಗ."

ಟ್ಯೂಬ್‌ಲೈಟ್ ಆರಿಸಿ, ಸೀರೆ ಬಾಗಿಲ ಬೆಳಕಿಗೆ ತಂದು, ಬಿಳಿ ಹಾಳೆ ಇಟ್ಟು ವೈಟ್ ಬ್ಯಾಲೆನ್ಸ್ ಮಾಡ್ದೆ. ಮೂರ್ನೇ ಫೋಟೋಗೆ "ಈಗ ಸರಿ" ಅಂದ್ರು. ಹೋದ್ಸಲ ಅವರನ್ನ ಒಂದು ಮಾತು ಕೇಳಿರ್ಲಿಲ್ಲ ನಾನು. ಬಣ್ಣ ಅವರಿಗೆ ಗೊತ್ತಿತ್ತು, ತೋರಿಸಿದ್ರೆ ತಾನೇ ಹೇಳೋದು.

ಸೀರೆ ಬುಧವಾರ ಮಾರಾಟ ಆಯ್ತು. ವಾಪಸ್ ಬಂದಿಲ್ಲ.

ಲೆಕ್ಕದಲ್ಲಿ ಒಂದು ಸಾಲು ಉಳಿದಿದೆ. ಕೊಡಬೇಕಾದ್ದು: ಚಿಕ್ಕವ್ವ, ಕೊರಿಯರ್, 120. ಅವರು ಇಸ್ಕೊಳ್ತಿಲ್ಲ. ನಾನೂ ಹೊಡೆದು ಹಾಕಿಲ್ಲ.

ನೀವು ಟ್ರೇ ಮಾಡಿದ್ರೆ ಟ್ಯಾಗ್ ಮಾಡಿ. ಮೊದಲು ರಾಗಿ, ಆಮೇಲೆ ಲ್ಯಾಪ್‌ಟಾಪ್.

#ಹೊನ್ನೂರು #ಕೊಳ್ಳೇಗಾಲರೇಷ್ಮೆ #ಕಮ್ಮಿಖರ್ಚಿನಸ್ಟುಡಿಯೋ